ಚೀಲದಲ್ಲಿ ಉಳಿದ ಪುಸ್ತಕ

ಫೋನು ಬಂದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಚೀಲದಕ್ಕ ಸಭೆಯ ಕೋಣೆಯ ಗೋಡೆ ಗಡಿಯಾರ ನೋಡಿಯೇ ಫೋನು ಎತ್ತಿದ್ದಳು. ಆಮೇಲೆ ಮಧ್ಯಾಹ್ನದವರೆಗೆ ಅವಳು ಮಾಡಿದ್ದು ಬಹುಪಾಲು ಅದೇ ಕೆಲಸ, ಗಡಿಯಾರ ನೋಡುವುದು.

ಮಾತಾಡಿದ್ದು, ಅವಳು ಗಡಿ ದಾಟಿ ಸಭೆಗೆಂದು ಬಂದಿದ್ದ ಪಕ್ಕದ ಪ್ರಾಂತ್ಯದ ಆ ಪೇಟೆಯ ಹೆಂಗಸರ ಜೈಲಿನ ಮೇಟ್ರನ್. ಹಿಂದೊಮ್ಮೆ ಚೀಲದಕ್ಕ ಕೊಟ್ಟ ತರಬೇತಿಗೆ ಬಂದು, ಹಿಂದಿನ ಬೆಂಚಿನಲ್ಲಿ ಎರಡು ದಿನ ಆಕಳಿಸುತ್ತ ಕೂತಿದ್ದ ದಪ್ಪ ಹೆಂಗಸು. ಆಕಳಿಸುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳು ಅನ್ನುವುದು ಈಗ ಗೊತ್ತಾಯಿತು. ಇಪ್ಪತ್ತು ದಿನದಿಂದ ನಮ್ಮಲ್ಲಿ ಒಬ್ಬಳಿದ್ದಾಳೆ, ಹತ್ತೊಂಬತ್ತು ವರ್ಷ ಅಂತ ಬರೆಸಿದ್ದಾಳೆ, ನನಗಂತೂ ನಂಬಿಕೆಯಿಲ್ಲ ಎಂದಳು. ನಿನ್ನೆ ಜ್ವರ ಏರಿ ಬಡಬಡಿಸುವಾಗ ಆ ಹುಡುಗಿ ಒಂದೇ ಮಾತು ನಾಲ್ಕು ಸಲ ಹೇಳಿದಳಂತೆ: ಚೀಲದಕ್ಕನಿಗೆ ಹೇಳಬೇಡಿ.

"ಈ ಕೆಲಸದಲ್ಲಿ ಚೀಲದಕ್ಕ ಅಂದ್ರೆ ನೀವೊಬ್ರೇ ಅಲ್ವಾ ಮೇಡಂ?" ಎಂದಳು ಮೇಟ್ರನ್. "ಕಡ್ಡಿ ಥರ ಇದಾಳೆ. ಎಡಗಿವಿ ಕೆಳಗೆ ಸುಟ್ಟ ಕಲೆ."

ಅಂಥ ಕಲೆಯ ಹುಡುಗಿಯೊಬ್ಬಳನ್ನು ಚೀಲದಕ್ಕ ಬಲ್ಲಳು. ಕಡ್ಡಿ ಅನ್ನುವುದು ಆ ಹುಡುಗಿಯ ಅಡ್ಡಹೆಸರೇ ಆಗಿತ್ತು. ಸಿಕ್ಕಿಬಿದ್ದ ಮಕ್ಕಳನ್ನು ಇಡುವ ಸರ್ಕಾರಿ ಮಕ್ಕಳ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು.

ಚೀಲದಕ್ಕ ಮಕ್ಕಳ ಪರಿವೀಕ್ಷಣಾಧಿಕಾರಿ. ಮೂವತ್ತು ವರ್ಷದ ನೌಕರಿ. ಕಳ್ಳತನವೋ ಹೊಡೆದಾಟವೋ ಮಾಡಿ ಸಿಕ್ಕಿಬಿದ್ದ ಮಗುವಿನ ಮನೆ, ಶಾಲೆ, ಬೀದಿ ಎಲ್ಲ ಸುತ್ತಿ, ಈ ಮಗು ಯಾಕೆ ಹೀಗಾಯಿತು, ಮುಂದೇನು ಮಾಡಬಹುದು ಎಂದು, ತೀರ್ಪು ಕೊಡುವ ಮಕ್ಕಳ ಮಂಡಳಿಗೆ ಬರೆದು ಕೊಡುವುದು ಅವಳ ಕೆಲಸ. ಹಾಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆಯುವಾಗ ಹೆಗಲಲ್ಲಿ ಒಂದು ಖಾಕಿ ಚೀಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, ಹಳೇ ಸೀಟಿನ ಬಟ್ಟೆಯಿಂದ ಹೊಲಿದು ಕೊಟ್ಟದ್ದು. ಹೊಲಿಗೆ ಸೊಟ್ಟ, ಚೀಲ ಮಾತ್ರ ಗಟ್ಟಿ. ಅದರೊಳಗೆ ಸದಾ ಒಂದು ದಪ್ಪ ರಟ್ಟಿನ ಪುಸ್ತಕ. ಆ ಪುಸ್ತಕವನ್ನು ಅವಳು ಬಿಟ್ಟಿರುವುದಿಲ್ಲ ಎಂದು ಗಂಡ ಅದಕ್ಕೆ 'ನನ್ನ ಸವತಿ' ಎಂದು ಹೆಸರಿಟ್ಟಿದ್ದ. ಗಂಡಸಿಗೆಲ್ಲಿಯ ಸವತಿ ಎಂದು ಇವಳು ರೇಗಿಸಿದರೆ, ಇದ್ದಾಳಲ್ಲ, ಹೊಲಿದು ಮನೆ ಮಾಡಿಕೊಟ್ಟವನೂ ನಾನೇ ಅನ್ನುತ್ತಿದ್ದ.

ಕಡ್ಡಿ ಎರಡೂವರೆ ವರ್ಷದ ಹಿಂದೆ ಅವಳ ಕೈಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಶೂ ಕದ್ದು ಸಿಕ್ಕಿಬಿದ್ದವಳು. ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಮಗು ಮೊದಲ ಸಲ ಎದುರು ಕೂತಾಗ ಪುಸ್ತಕ ಮುಂದಿಟ್ಟು, ನಿನಗೆ ತೋಚಿದ್ದು ಒಂದು ಸಾಲು ಬರೆ ಅನ್ನುವುದು ಚೀಲದಕ್ಕನ ರೂಢಿ. ಕೆಲವರು ಸಿನಿಮಾ ಹಾಡು ಬರೆಯುತ್ತಾರೆ, ಕೆಲವರು ಇವಳಿಗೇ ಬೈಗುಳ ಬರೆಯುತ್ತಾರೆ. ಕಡ್ಡಿ ಹನ್ನೆರಡನೇ ದಿನ ಪೆನ್ನು ಹಿಡಿದು, 'ನನ್ನನ್ನು ಮನೆಗೆ ಕಳಿಸಬೇಡಿ' ಎಂದು ಬರೆದಳು. ಮನೆಯಲ್ಲಿ ಇದ್ದದ್ದು ಚಿಕ್ಕಪ್ಪ ಒಬ್ಬನೇ. ಕಿವಿ ಕೆಳಗಿನ ಕಲೆ ಇಸ್ತ್ರಿ ಪೆಟ್ಟಿಗೆ ಬಿದ್ದು ಆದದ್ದು ಅಂತ ಅವನ ವಾದ. ಸುಳ್ಳು ಅನ್ನುವುದು ಚೀಲದಕ್ಕನಿಗೆ ಗೊತ್ತಿತ್ತು, ತೋರಿಸಲು ಸಾಕ್ಷಿ ಇರಲಿಲ್ಲ. ಹುಡುಗಿಗೆ 'ನೋಡ್ತೀನಿ, ಆಯ್ತಾ' ಎಂದು ಹೇಳಿ, ಮೂರು ವಾರದ ಮೇಲೆ ನಿಯಮದ ಪ್ರಕಾರ ಮನೆಗೇ ಕಳಿಸಿದ್ದಳು. ಬಸ್ಸು ಹೊರಟಾಗ ಕಡ್ಡಿ ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ಆ ಬೆನ್ನು ಇವತ್ತಿಗೂ ಚೀಲದಕ್ಕನ ಕಣ್ಣ ಮುಂದಿದೆ.

ಈಗ ಅವಳಿಗೆ ಹದಿನೈದು. ಮನೆ ಬಿಟ್ಟು ಓಡಿ, ಗಡಿ ದಾಟಿ, ಈ ಪ್ರಾಂತ್ಯದ ಈ ಪೇಟೆ ಸೇರಿದ್ದಳು. ಇನ್ನಿಬ್ಬರು ದೊಡ್ಡವರ ಜೊತೆ ಖಾಲಿ ಮನೆ ಅಂದುಕೊಂಡು ಒಂದು ಮನೆಗೆ ನುಗ್ಗಿದರೆ, ಒಳಗೆ ಮುದುಕಿ. ಯಾರೋ ತಳ್ಳಿದರು, ಮುದುಕಿಯ ಸೊಂಟ ಮುರಿಯಿತು. ದೊಡ್ಡವರು ಓಡಿದರು, ಕಡ್ಡಿ ಸಿಕ್ಕಿಬಿದ್ದಳು. ಹೆಸರು ಕೇಳಿದಾಗ ಸುಳ್ಳು ಹೆಸರು ಹೇಳಿದಳು, ವಯಸ್ಸು ಕೇಳಿದಾಗ ಹತ್ತೊಂಬತ್ತು ಎಂದಳು. ಯಾಕೆಂದರೆ ಮಕ್ಕಳಾದರೆ, ಈಗಿರುವ ಕಾನೂನಿನಲ್ಲಿ, ಬೇರೆ ಪ್ರಾಂತ್ಯದ ಮಗುವನ್ನು ಕಣ್ಣು ಮುಚ್ಚಿ ಮನೆಗೆ ವಾಪಸ್ ಕಳಿಸುತ್ತಾರೆ. ದೊಡ್ಡವರಾದರೆ ಜೈಲು. ಹುಡುಗಿ ಲೆಕ್ಕ ಹಾಕಿ ಜೈಲನ್ನೇ ಆರಿಸಿಕೊಂಡಿದ್ದಳು.

ಮಧ್ಯಾಹ್ನ ಎರಡು ಗಂಟೆಗೆ ಕೋರ್ಟು ಎಂದಳು ಮೇಟ್ರನ್. ಇವತ್ತು ಮ್ಯಾಜಿಸ್ಟ್ರೇಟರು ಆರೋಪ ಓದಿ ವಯಸ್ಸು ದಾಖಲಿಸುತ್ತಾರೆ. ಒಮ್ಮೆ ಹತ್ತೊಂಬತ್ತು ಎಂದು ಬಿತ್ತೋ, ಆಮೇಲೆ ಬ್ರಹ್ಮ ಬಂದರೂ ಬದಲಾಗದು. ಏಳು ವರ್ಷ ಗ್ಯಾರಂಟಿ.

ಚೀಲದಕ್ಕ ಕಾರಿಡಾರಿಗೆ ಬಂದು ತನ್ನ ಕಚೇರಿಗೆ ಫೋನು ಹಚ್ಚಿದಳು. ಕಡ್ಡಿಯ ಕಡತ ಹುಡುಕಲು ಹೇಳಿದಾಗ ಆ ಕಡೆ ಗುಮಾಸ್ತ ತಬ್ಬಿಬ್ಬಾದ. ಸುಟ್ಟಿದ್ದು ನೀವೇ ಅಲ್ವಾ ಮೇಡಂ, ಇನ್ನೂರ ಹನ್ನೆರಡು ಕಡತ, ಒಂದು ಚೂರೂ ಬಿಡಬೇಡ ಅಂತ ಡ್ರಮ್ಮಿನ ಪಕ್ಕ ನಿಂತಿದ್ರಲ್ಲ ಎಂದ. ಕಂಪ್ಯೂಟರಿನಲ್ಲೂ ಅಳಿಸಿದ್ದೇವೆ ಎಂದು ಹೆಮ್ಮೆಯಿಂದ ಸೇರಿಸಿದ. ಅವಳು ಫೋನು ಇಟ್ಟು ಗೋಡೆಗೆ ತಲೆ ಆನಿಸಿದಳು. ಕಡತ ಇಲ್ಲ. ಆದರೆ ಚೀಲದಲ್ಲಿ ಪುಸ್ತಕವಿತ್ತು. ಅದರ ನೂರಾ ಅರವತ್ತೋ ಎಪ್ಪತ್ತೋ ಪುಟದಲ್ಲಿ ಕಡ್ಡಿಯ ಸ್ವಂತ ಕೈಬರಹದ ಸಾಲು, ಅದರ ಕೆಳಗೆ ಶಾಲೆಯ ಹೆಸರು, ದಾಖಲಾತಿ ನಂಬರು, ಹೆಡ್‌ಮೇಡಂ ರಿಜಿಸ್ಟರಿನಿಂದ ಓದಿ ಹೇಳಿದ ಹುಟ್ಟಿದ ತಾರೀಕು, ಕಿವಿ ಕೆಳಗಿನ ಕಲೆಯ ಅಳತೆ. ಆ ಪುಸ್ತಕ ಮಾತ್ರ ಇರಕೂಡದಾಗಿತ್ತು.

ಯಾಕೆ ಇರಕೂಡದು ಅನ್ನುವುದಕ್ಕೆ ಒಳಗಿನ ಸಭೆಯ ಕತೆ ಹೇಳಬೇಕು. ಮೂರು ಪ್ರಾಂತ್ಯಗಳ ಮಕ್ಕಳ ಅಧಿಕಾರಿಗಳು ನಾಲ್ಕು ವರ್ಷದಿಂದ ಕೂಡುತ್ತಿದ್ದರು. ಮಕ್ಕಳಿಗೆ ಗಡಿ ಗೊತ್ತಿರುವುದಿಲ್ಲ, ಕಾನೂನಿಗೆ ಗಡಿ ಬಿಟ್ಟು ಬೇರೇನೂ ಗೊತ್ತಿರುವುದಿಲ್ಲ. ಆ ಸಂದಿಯಲ್ಲಿ ಸಿಕ್ಕಿ ನಲುಗುವ ಮಕ್ಕಳಿಗಾಗಿ ಹದಿನಾಲ್ಕು ಕಲಮುಗಳ ಒಂದು ಒಪ್ಪಂದ, ಮೂರು ಪ್ರಾಂತ್ಯದ ಸಹಿ ಬಿದ್ದ ಗಳಿಗೆಯಿಂದ ಜಾರಿ. ಒಂಬತ್ತನೇ ಕಲಮು, ಬೇರೆ ಪ್ರಾಂತ್ಯದಲ್ಲಿ ಸಿಕ್ಕ ಮಗುವನ್ನು ಕೇಳದೆ ಮನೆಗೆ ಕಳಿಸುವಂತಿಲ್ಲ, ಎರಡೂ ಕಡೆಯ ಮಂಡಳಿ ಒಟ್ಟಿಗೆ ಕೂತು, ಮಗು ಹೇಳಿದ್ದನ್ನು ಕೇಳಿ ನಿರ್ಧರಿಸಬೇಕು ಅನ್ನುತ್ತದೆ. ಹನ್ನೊಂದನೇ ಕಲಮು, ಪ್ರಕರಣ ಮುಗಿದ ಮೇಲೆ ಮಗುವಿನ ಎಲ್ಲ ಕಾಗದ, ಕೈಬರಹದ ಟಿಪ್ಪಣಿಯೂ ಸೇರಿ, ಸುಡಬೇಕು, ಯಾರೂ ಪ್ರತಿ ಇಟ್ಟುಕೊಳ್ಳಕೂಡದು ಅನ್ನುತ್ತದೆ. ಈ ಹನ್ನೊಂದನೆಯದನ್ನು ಬರೆದವಳು ಚೀಲದಕ್ಕನೇ.

ಅದನ್ನು ಬರೆಸಿದವರು ಈ ಪೇಟೆಯ ಹಿರಿಯ ಅಧಿಕಾರಿ, ಬೆರಳು ಸಾಹೇಬರು. ಯಾವ ಕಾಗದವಾದರೂ ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಅಕ್ಷರ ಓದುವವರು, ಅದಕ್ಕೇ ಆ ಹೆಸರು. ಅವರ ಕೈಯಲ್ಲಿ ಬೆಳೆದ ಒಬ್ಬ ಹುಡುಗ ಕಳ್ಳತನ ಎಲ್ಲ ಬಿಟ್ಟು ಬಸ್ ಡ್ರೈವರ್ ಆಗಿದ್ದ. ಚೀಲದಕ್ಕನ ಪ್ರಾಂತ್ಯದ ಯಾವುದೋ ಕಚೇರಿಯಲ್ಲಿ ಅವನ ಬಾಲ್ಯದ ಕಡತದ ಒಂದು ಪ್ರತಿ ಉಳಿದಿತ್ತು, ಅದು ಹೊರಗೆ ಬಿತ್ತು, ಕೆಲಸ ಹೋಯಿತು. ಅವನು ಈಗ ನಿಜವಾದ ಕಳ್ಳ, ಜೈಲಿನಲ್ಲಿದ್ದಾನೆ. ಮೊದಲ ಸಭೆಯಲ್ಲೇ ಸಾಹೇಬರು, ನಿಮ್ಮ ಕಡೆಯವರನ್ನು ನಾನು ನಂಬುವುದಿಲ್ಲ, ನೀವು ಪ್ರತಿ ಇಟ್ಟುಕೊಳ್ಳುವ ಜನ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅವರನ್ನು ಒಲಿಸಲು ಚೀಲದಕ್ಕನಿಗೆ ಎರಡು ವರ್ಷ ಹಿಡಿಯಿತು.

ಆ ಸಮಿತಿಗೆ ಇನ್ನೊಂದು ಪದ್ಧತಿ ಇತ್ತು, ಬೇರೆಲ್ಲೂ ಕಾಣಸಿಗದ್ದು. ತಾನು ಒಂದು ವರ್ಷ ಸ್ವಂತ ಕಚೇರಿಯಲ್ಲಿ ಪಾಲಿಸದ ಕಲಮನ್ನು ಯಾರೂ ಬರೆಯುವಂತಿಲ್ಲ. ಸಹಿಯ ದಿನ ಒಂದೊಂದು ಕಲಮು ಓದಿದಾಗಲೂ ಅದನ್ನು ಬರೆದವರು 'ಪಾಲಿಸಿದ್ದೇನೆ' ಎಂದು ಎಲ್ಲರ ಮುಂದೆ ಹೇಳಬೇಕು. ಚೀಲದಕ್ಕ ಇನ್ನೂರ ಹನ್ನೆರಡು ಕಡತ ಸುಟ್ಟು ವರದಿ ಕೊಟ್ಟಿದ್ದಳು. ಚೀಲದ ಪುಸ್ತಕವನ್ನು ಸುಟ್ಟಿರಲಿಲ್ಲ. ಅದು ಕಡತವಲ್ಲ, ಅದು ನನ್ನ ನೆನಪು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ತನ್ನ ಕಲಮಿನಲ್ಲಿ ತಾನೇ 'ಕೈಬರಹದ ಟಿಪ್ಪಣಿಯೂ ಸೇರಿ' ಎಂದು ಬರೆದವಳು ಹೀಗೆ ಹೇಳಿಕೊಂಡಳು ಅಂದರೆ, ಮನುಷ್ಯರು ತಮಗೆ ತಾವೇ ಎಂಥ ರಿಯಾಯಿತಿ ಕೊಟ್ಟುಕೊಳ್ಳುತ್ತಾರೆ ನೋಡಿ.

ಈಗ ಇಕ್ಕಟ್ಟು ಇದು. ಪುಸ್ತಕ ತೋರಿಸದಿದ್ದರೆ ಕಡ್ಡಿಗೆ ಏಳು ವರ್ಷ ಜೈಲು. ತೋರಿಸಿದರೆ ಅವಳು ಮಗು ಅಂತ ಆಗುತ್ತದೆ, ಆದರೆ ಬೆರಳು ಸಾಹೇಬರು ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಒಂಬತ್ತನೇ ಕಲಮು ಇಲ್ಲ, ಕಡ್ಡಿ ಮತ್ತೆ ಚಿಕ್ಕಪ್ಪನ ಮನೆಗೆ. ಸಹಿ ಇದ್ದದ್ದು ಅವತ್ತೇ ಸಂಜೆ ನಾಲ್ಕಕ್ಕೆ, ಕೋರ್ಟು ಇದ್ದದ್ದು ಎರಡಕ್ಕೆ.

ಚೀಲದಕ್ಕನ ತಲೆ ಓಡಿತು, ಸ್ವಲ್ಪ ಅಡ್ಡದಾರಿಯಲ್ಲೇ ಓಡಿತು. ಸಹಿ ಮೊದಲು ಮುಗಿದುಬಿಟ್ಟರೆ? ಆಮೇಲೆ ಪುಸ್ತಕ ಹಿಡಿದು ಕೋರ್ಟಿಗೆ ಓಡಬಹುದು. ಕೋರ್ಟು ರಸ್ತೆಯಾಚೆ, ನಾಲ್ಕು ಕಟ್ಟಡ ದಾಟಿದರೆ ಸಿಗುತ್ತದೆ. ಸಾಹೇಬರು ಆಮೇಲೆ ಎಷ್ಟು ಬೈದರೂ ಹಾಕಿದ ಸಹಿ ಅಳಿಸಲಾಗದು. ಅವಳು ಒಳಗೆ ಹೋಗಿ, ಅಧ್ಯಕ್ಷತೆ ವಹಿಸಿದ್ದ ಮೂರನೇ ಪ್ರಾಂತ್ಯದ ವಕೀಲೆಯ ಕಿವಿಯಲ್ಲಿ, ಸಹಿಯನ್ನು ಈಗಲೇ ಮುಗಿಸೋಣವಾ ಎಂದಳು. ವಕೀಲೆ ವಯಸ್ಸಿನಲ್ಲಿ ಚಿಕ್ಕವಳು, ಸಂಜೆ ಐದರ ರೈಲು ಹಿಡಿಯಬೇಕಾದವಳು, ಖುಷಿಯಿಂದ ಒಪ್ಪಿದಳು.

"ಏನಮ್ಮ ಅವಸರ?" ಎಂದರು ಬೆರಳು ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತ. ಅವಳು ಏನೋ ಹೇಳಿದಳು. ಏನು ಹೇಳಿದಳು ಅನ್ನುವುದು ಅವಳಿಗೇ ನೆನಪಿಲ್ಲ.

ವಕೀಲೆ ಸಹಿ ಹಾಕಿದಳು, ಚೀಲದಕ್ಕ ಸಹಿ ಹಾಕಿದಳು. ಇಬ್ಬರದೂ ಸೇರಿ ಅರ್ಧ ನಿಮಿಷ. ಸಾಹೇಬರು ಮಾತ್ರ ಕುರ್ಚಿ ಮುಂದೆ ಎಳೆದುಕೊಂಡು, ಕನ್ನಡಕ ಒರೆಸಿ, ಮೊದಲ ಪುಟದ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟರು. ಆಗ ಗಂಟೆ ಹನ್ನೊಂದು ಹತ್ತು. ಮೂವತ್ತೆರಡು ಪುಟ. ಅವರ ಬೆರಳು ಆಮೆಯ ಹಾಗೆ ಹೊರಟಿತು. ಮೊದಲ ಕಲಮು ಮುಗಿಯಲು ಹತ್ತು ನಿಮಿಷ, ಅಲ್ಲೊಂದು ಅಲ್ಪವಿರಾಮ ತಪ್ಪಾಗಿದೆ ಎಂದು ಐದು ನಿಮಿಷ. ಚೀಲದಕ್ಕ ಗಡಿಯಾರ ನೋಡುತ್ತ ಕೂತಳು. ಪಕ್ಕದಲ್ಲಿ ಚೀಲ. ಅದರ ಮೇಲಿಟ್ಟ ಕೈ ಬೆವೆತು ಖಾಕಿ ಬಟ್ಟೆಯಲ್ಲಿ ಒದ್ದೆ ಗುರುತು ಮೂಡಿತ್ತು. ಮೇಟ್ರನ್ನಿನಿಂದ ಎರಡು ಸಲ ಮೆಸೇಜು ಬಂತು. ಹುಡುಗಿಯನ್ನು ವ್ಯಾನು ಹತ್ತಿಸಿದರು ಎಂದು ಒಂದು. ಕೋರ್ಟಿಗೆ ಬಂದೆವು ಎಂದು ಇನ್ನೊಂದು.

ಒಂಬತ್ತನೇ ಕಲಮು ಸಾಹೇಬರೇ ಬರೆದದ್ದು. ಅದನ್ನು ಓದಿ ತಲೆಯೆತ್ತಿ, "ಪಾಲಿಸಿದ್ದೇನೆ. ಎರಡೂ ಮಂಡಳಿ ತಾವಾಗಿ ಒಪ್ಪಿದ ಆರು ಮಕ್ಕಳು," ಎಂದು ತಮಗೆ ತಾವೇ ಉತ್ತರ ಕೊಟ್ಟುಕೊಂಡು ಮುಂದುವರಿದರು. ಬೇರೆ ದಿನವಾದರೆ ಚೀಲದಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಹನ್ನೊಂದನೇ ಕಲಮಿಗೆ ಬರುವಾಗ ಒಂದು ಗಂಟೆ ಹತ್ತು ನಿಮಿಷ. ಬೆರಳು 'ಕೈಬರಹದ' ಅನ್ನುವ ಪದದ ಕೆಳಗೆ ನಿಂತಿತು.

"ಪಾಲಿಸಿದ್ದೀರಾ?" ಎಂದರು.

ಹೂಂ ಅನ್ನಬೇಕು. ಅಷ್ಟೇ. ಇನ್ನು ಮೂರು ಕಲಮು, ಒಂದು ಸಹಿ. ಈ ನಾಲ್ಕು ವರ್ಷ, ನೂರಾರು ಮಕ್ಕಳು, ಆಮೇಲೆ ಕಡ್ಡಿಗೂ ಒಂದು ದಾರಿ. ಚೀಲದಕ್ಕ ಬಾಯಿ ತೆರೆದಳು. ಸಾಹೇಬರು ಅವಳನ್ನೇ ನೋಡುತ್ತಿದ್ದರು, ಅನುಮಾನದಿಂದಲ್ಲ. ಅದೇ ತೊಂದರೆಯಾದದ್ದು. ನಾಲ್ಕು ವರ್ಷದ ಹಿಂದೆ ನಿಮ್ಮನ್ನು ನಂಬುವುದಿಲ್ಲ ಎಂದಿದ್ದ ಮನುಷ್ಯ, ಇವಳೇನು ಹೇಳುತ್ತಾಳೆ ಅನ್ನುವುದು ಗೊತ್ತಿರುವವರಂತೆ, ಬೆರಳನ್ನು ಆಗಲೇ ಮುಂದಿನ ಸಾಲಿಗೆ ಸರಿಸಿದ್ದರು.

"ಇಲ್ಲ ಸರ್," ಎಂದಳು ಚೀಲದಕ್ಕ.

ಬೆರಳು ನಿಂತಿತು.

ಅವಳು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದಳು. ಕಡ್ಡಿ, ಚಿಕ್ಕಪ್ಪ, ಜೈಲು, ಎರಡು ಗಂಟೆ, ಸಹಿಯನ್ನು ಮುಂಚೆ ಮಾಡಿಸಲು ಹೊರಟಿದ್ದು ಯಾಕೆ ಅನ್ನುವುದನ್ನೂ ಸೇರಿಸಿ. ವಕೀಲೆ ತಲೆ ಮೇಲೆ ಕೈ ಹೊತ್ತು ಕೂತಳು. ಸಾಹೇಬರ ಮುಖ ಕೆಂಪಾಗಲಿಲ್ಲ, ಅದಕ್ಕಿಂತ ಕೆಟ್ಟದಾಯಿತು, ದಣಿದು ಹೋಯಿತು. ಅವರು ಪುಸ್ತಕ ತೆರೆಯಲಿಲ್ಲ. ಯಾವ ಪುಟ ಎಂದರು. ಅವಳು ತೆರೆದು ತೋರಿಸಿದಾಗ, ಎದುರು ಪುಟದ ಇನ್ಯಾವುದೋ ಮಗುವಿನ ಸಾಲು ಕಣ್ಣಿಗೆ ಬೀಳದಂತೆ ಅದರ ಮೇಲೆ ಒಂದು ಖಾಲಿ ಹಾಳೆ ಇಟ್ಟರು. ಆಮೇಲೆ ಕಡ್ಡಿಯ ಪುಟವನ್ನು ಬೆರಳಿಟ್ಟು ಓದಿದರು.

ಓದಿ, ಒಪ್ಪಂದದ ಕಾಗದಗಳನ್ನು ಜೋಡಿಸಿ ತಮ್ಮ ಕಡತಕ್ಕೆ ಹಾಕಿ ದಾರ ಕಟ್ಟಿದರು. ಮುಗಿಯಿತು ಅಂದುಕೊಂಡಳು ಚೀಲದಕ್ಕ. ನಾಲ್ಕು ವರ್ಷ ಆ ದಾರದ ಗಂಟಿನೊಳಗೆ ಹೋಯಿತು.

"ಏಳಿ," ಎಂದರು ಸಾಹೇಬರು. "ಇದು ನಮ್ಮ ಕೋರ್ಟು. ನೀವೊಬ್ರೇ ಹೋದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ." ಮೆಟ್ಟಿಲಿಳಿಯುವಾಗ ತಿರುಗದೆಯೇ ಇನ್ನೊಂದು ಮಾತು ಹೇಳಿದರು. "ಸಹಿ ಬಗ್ಗೆ ಮಾತ್ರ ನನ್ನ ಹತ್ರ ಮಾತಾಡಬೇಡಿ."

ಕೋರ್ಟಿನ ಕೋಣೆ ಚಿಕ್ಕದು, ಕಿಟಕಿ ಎತ್ತರದಲ್ಲಿ. ಮ್ಯಾಜಿಸ್ಟ್ರೇಟರು ನೆಗಡಿಯಾಗಿದ್ದ ಹೆಂಗಸು, ಎರಡು ವಾಕ್ಯಕ್ಕೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಕಡ್ಡಿ ಮೇಟ್ರನ್ನಿನ ಪಕ್ಕದಲ್ಲಿ ನಿಂತಿದ್ದಳು. ಎತ್ತರವಾಗಿದ್ದಾಳೆ, ಮತ್ತೂ ಬಡಕಲಾಗಿದ್ದಾಳೆ ಅನ್ನಿಸಿತು ಚೀಲದಕ್ಕನಿಗೆ. ಹುಡುಗಿಯ ಕಣ್ಣು ಮೊದಲು ಬಿದ್ದದ್ದು ಚೀಲದ ಮೇಲೆ. ಆಮೇಲೆ ಅವಳು ಮೇಟ್ರನ್ನನ್ನು ನೋಡಿದ ನೋಟಕ್ಕೆ ಆ ದಪ್ಪ ಹೆಂಗಸು ತಲೆ ತಗ್ಗಿಸಿದಳು.

ಸಾಹೇಬರು ಎದ್ದು ವಿಷಯ ಹೇಳಿದರು. ಸರ್ಕಾರಿ ವಕೀಲರು ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಸೀಲಿಲ್ಲ, ನಂಬರಿಲ್ಲ, ಇಂಥ ಪುಸ್ತಕ ನಮ್ಮ ಮನೆಯಲ್ಲಿ ಅಡುಗೆಯವಳೂ ಬರೆಯುತ್ತಾಳೆ ಎಂದರು. ಈ ಹೆಸರೂ ಆ ಹೆಸರೂ ಬೇರೆ, ಇವಳೇ ಅವಳು ಅನ್ನುವುದಕ್ಕೆ ಏನು ಆಧಾರ? ಕಲೆ ಯಾರಿಗೆ ಬೇಕಾದರೂ ಇರಬಹುದು. ಮ್ಯಾಜಿಸ್ಟ್ರೇಟರು ಪುಟವನ್ನು ಬೆಳಕಿಗೆ ಹಿಡಿದರು. ಇದರಲ್ಲಿ ಅವಳದೇ ಅಕ್ಷರದ ಸಾಲು ಇದೆಯಲ್ಲ, ಅದನ್ನೇ ಈಗ ನನ್ನ ಮುಂದೆ ಬರೆಯಲಿ, ಹೊಂದಿದರೆ ಶಾಲೆಯ ರಿಜಿಸ್ಟರು ತರಿಸುತ್ತೇನೆ, ಅಲ್ಲಿಯವರೆಗೆ ಮಗು ಎಂದೇ ನೋಡುತ್ತೇನೆ ಎಂದರು.

ಹಾಳೆ ಕೊಟ್ಟರು, ಪೆನ್ನು ಕೊಟ್ಟರು. ಕಡ್ಡಿ ಪೆನ್ನನ್ನು ಮುಟ್ಟಲಿಲ್ಲ.

"ನಂಗೆ ಬರೆಯೋಕೆ ಬರಲ್ಲ," ಎಂದಳು.

ಮ್ಯಾಜಿಸ್ಟ್ರೇಟರು ಗಡಿಯಾರ ನೋಡಿದರು, ಮೂಗು ಒರೆಸಿಕೊಂಡರು. ಇನ್ನೊಂದು ಕೇಸು ಕರೆಯುತ್ತೇನೆ, ಹದಿನೈದು ನಿಮಿಷ, ಅಷ್ಟರಲ್ಲಿ ಬರೆದರೆ ಸರಿ, ಇಲ್ಲವೆಂದರೆ ಹತ್ತೊಂಬತ್ತು ಎಂದೇ ದಾಖಲಿಸುತ್ತೇನೆ ಎಂದರು.

ಹೊರಗಿನ ಬೆಂಚಿನ ಮೇಲೆ ಕಡ್ಡಿ ಮೊಣಕಾಲು ಹತ್ತಿರ ಎಳೆದುಕೊಂಡು ಕೂತಳು. ಚೀಲದಕ್ಕ ಅವಳೆದುರು ನೆಲದ ಮೇಲೇ ಕುಕ್ಕರಿಸಿದಳು. ಮಂಡಿ ನೋವು ಎಲ್ಲಿ ಹೋಯಿತೋ. ಬರೆಯಮ್ಮ, ನಿನ್ನ ಕಾಲಿಗೆ ಬೀಳ್ತೀನಿ ಎಂದಳು. ಅಲ್ಲೇ ಪಕ್ಕದಲ್ಲಿ ಗುಮಾಸ್ತರು ಕಡತ ಹೊತ್ತು ಓಡಾಡುತ್ತಿದ್ದರು, ಯಾರೋ ಯಾರನ್ನೋ ಕೂಗುತ್ತಿದ್ದರು.

"ಅವತ್ತೂ ಬರೆಸ್ಕೊಂಡ್ರಿ," ಎಂದಳು ಕಡ್ಡಿ. ದನಿ ಏರಲಿಲ್ಲ. "ಬರೆಸ್ಕೊಂಡು, ಓದಿ, ಕಳಿಸಿದ್ರಿ. ಈಗ ಮತ್ತೆ ಅದನ್ನೇ ಬರೆದ್ರೆ ನಾನು ಚಿಕ್ಕೋಳು ಅಂತಾಗುತ್ತೆ. ಆಮೇಲೆ ಮತ್ತೆ ಕಳಿಸ್ತೀರ."

ಇಲ್ಲ ಅನ್ನುವುದು ಸುಲಭ, ಆದರೆ ಆ 'ಇಲ್ಲ' ಚೀಲದಕ್ಕನ ಕೈಯಲ್ಲಿರಲಿಲ್ಲ.

"ಏಳು ವರ್ಷ ಜೈಲಲ್ಲೇ ಇರ್ತೀನಿ ಬಿಡಿ," ಎಂದಳು ಕಡ್ಡಿ. "ಅಲ್ಲಿ ಬಾಗಿಲಿಗೆ ಹೊರಗಿಂದ ಬೀಗ ಹಾಕ್ತಾರೆ. ಯಾರೂ ಒಳಗೆ ಬರಲ್ಲ."

ಮೇಟ್ರನ್ ಗೋಡೆ ಕಡೆ ತಿರುಗಿ ನಿಂತಳು. ಚೀಲದಕ್ಕನ ಕಣ್ಣು ತುಂಬಿ ಹರಿಯಿತು, ಒರೆಸಿಕೊಳ್ಳಲೂ ನಾಚಿಕೆಯಾಯಿತು. ತಾನು ಅವತ್ತು 'ನೋಡ್ತೀನಿ' ಎಂದು ಹೇಳಿದ್ದು, ನೋಡದೆ ಇದ್ದದ್ದು, ಆ ಸಾಲನ್ನು ಮಾತ್ರ ಎರಡೂವರೆ ವರ್ಷ ಚೀಲದಲ್ಲಿ ಹೊತ್ತು ಪುಣ್ಯ ಮಾಡಿದಂತೆ ತಿರುಗಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಬೆರಳು ಸಾಹೇಬರು ಅಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದವರು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಕಡತದ ದಾರ ಬಿಚ್ಚಿದರು. ಒಂಬತ್ತನೇ ಕಲಮಿನ ಪುಟ ತೆಗೆದು ಹುಡುಗಿಯ ಮುಂದೆ ಹಿಡಿದು, ಸಾಲಿನ ಕೆಳಗೆ ಬೆರಳಿಟ್ಟರು. ಓದು ಎಂದರು. ಬರೆಯಲು ಬಾರದವಳ ಕಣ್ಣು ಬೆರಳಿನ ಹಿಂದೆಯೇ ಹೋಯಿತು. ಕೊನೆಗೆ ತಲುಪಿ, ಮತ್ತೆ ಮೇಲಿನಿಂದ ಓದಿದಳು.

"ಇದು ನಿಜಾನಾ?"

"ಇನ್ನೂ ಆಗಿಲ್ಲ," ಎಂದರು ಸಾಹೇಬರು. "ಮೂರು ಸಹಿ ಬೇಕು. ಎರಡಿದೆ. ಮೂರನೇದು ನಂದು."

"ಯಾಕೆ ಹಾಕಿಲ್ಲ?"

ಸಾಹೇಬರು ನೆಲದ ಮೇಲೆ ಕೂತಿದ್ದವಳನ್ನು ತೋರಿಸಿದರು. "ಇವರು ನನಗೆ ಸುಳ್ಳು ಹೇಳಿದ್ರು."

"ನನಗೂ ಹೇಳಿದ್ರು," ಎಂದಳು ಕಡ್ಡಿ. ಸ್ವಲ್ಪ ಯೋಚಿಸಿ ಕೇಳಿದಳು: "ಅದಕ್ಕೆ ನಾನು ಯಾಕೆ ಮನೆಗೆ ಹೋಗ್ಬೇಕು?"

ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಒಳಗಿನಿಂದ ಜವಾನ ಬಂದು ಇನ್ನು ಐದು ನಿಮಿಷ ಎಂದು ಹೇಳಿ ಹೋದ. ಉಳಿದ ಮೂರು ಕಲಮು ಅವರು ಓದಿರಲಿಲ್ಲ. ಚೀಲದಕ್ಕನಿಗೆ ಅದು ನೆನಪಿತ್ತು, ಅವರಿಗೂ ನೆನಪಿತ್ತು. ತಮ್ಮ ಜೀವಮಾನದಲ್ಲಿ ಮೊದಲ ಸಲ ಬೆರಳು ಸಾಹೇಬರು ಪುಟಗಳನ್ನು ಓದದೆ ಮಗುಚಿ, ಕೊನೆಯ ಹಾಳೆ ತೆಗೆದು, ಕಡತವನ್ನೇ ಮಣೆ ಮಾಡಿಕೊಂಡು ಸಹಿ ಹಾಕಿದರು. ತಾರೀಕು ಬರೆದರು. ಎರಡು ಗಂಟೆ ನಲವತ್ತೊಂದು ನಿಮಿಷ ಎಂದು ಹೊತ್ತನ್ನೂ ಬರೆದರು.

ಕಡ್ಡಿ ಆ ಸಹಿಯನ್ನು ಮುಟ್ಟಿ ನೋಡಿದಳು. ಶಾಯಿ ಹೆಬ್ಬೆಟ್ಟಿಗೆ ಹತ್ತಿತು. ಆಮೇಲೆ ಎದ್ದು ಒಳಗೆ ಹೋಗಿ, ಮ್ಯಾಜಿಸ್ಟ್ರೇಟರ ಮೇಜಿಗೆ ಬಗ್ಗಿ, ಹಾಳೆಯ ಮೇಲೆ 'ನನ್ನನ್ನು ಮನೆಗೆ ಕಳಿಸಬೇಡಿ' ಎಂದು ಬರೆದಳು. 'ಳಿ'ಯ ಬಾಲ ಎರಡೂ ಕಡೆ ಒಂದೇ ಥರ ಕೆಳಕ್ಕೆ ಜೋತಿತ್ತು. ಸರ್ಕಾರಿ ವಕೀಲರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಹಿಂದಕ್ಕೆ ಕೊಟ್ಟು ಕೂತರು. ಕೋರ್ಟು ಆ ಒಂದು ಪುಟವನ್ನು ಮಾತ್ರ ಬ್ಲೇಡಿನಿಂದ ಬಿಡಿಸಿ ಇಟ್ಟುಕೊಂಡಿತು. ಕಡ್ಡಿಯನ್ನು ಮಕ್ಕಳ ಮನೆಗೆ ಕಳಿಸಬೇಕು, ನಾಳೆ ಎರಡೂ ಪ್ರಾಂತ್ಯದ ಮಂಡಳಿಗಳು ಹೊಸ ಒಪ್ಪಂದದಂತೆ ಅವಳ ಮಾತು ಕೇಳಬೇಕು ಎಂದು ಆದೇಶವಾಯಿತು.

ಸಭೆಯ ಕಟ್ಟಡದ ಹಿತ್ತಲಲ್ಲಿ ರದ್ದಿ ಸುಡುವ ಕಬ್ಬಿಣದ ಡ್ರಮ್ಮು ಇತ್ತು. ಸಾಹೇಬರು ಅಲ್ಲಿಗೇ ಕರೆದುಕೊಂಡು ಹೋಗಿ ಬೆಂಕಿಪೊಟ್ಟಣ ಕೊಟ್ಟರು.

"ನಾನು ಸಹಿ ಹಾಕಿದ್ದು ನಿಮ್ಮನ್ನ ನಂಬಿ ಅಲ್ಲ," ಎಂದರು. "ಇವತ್ತಿನ ನಡಾವಳಿಯಲ್ಲಿ ಎಲ್ಲಾ ಬರೀತೀನಿ. ಹನ್ನೊಂದನೇ ಕಲಮು ಉಳಿಯುತ್ತೆ. ನೀವು ಸಮಿತಿಯಲ್ಲಿ ಉಳಿಯಲ್ಲ."

ಅವಳು ಸರಿ ಎಂದಳು. ಎದುರು ಮಾತಾಡುವ ಮುಖ ಅವಳಿಗಿರಲಿಲ್ಲ. ಆ ಪುಸ್ತಕ ಇಲ್ಲದಿದ್ದರೆ ಇವತ್ತು ಕಡ್ಡಿಯ ಗತಿ ಏನು ಅನ್ನುವ ಪ್ರಶ್ನೆ ಇಬ್ಬರ ನಾಲಿಗೆ ತುದಿಯಲ್ಲೂ ಇತ್ತು, ಇಬ್ಬರೂ ನುಂಗಿಕೊಂಡರು. ಡ್ರೈವರ್ ಹುಡುಗನ ಪ್ರಶ್ನೆಯೂ ಅಲ್ಲೇ ಇತ್ತು.

ಹಾಳೆ ಹಾಳೆಯಾಗಿ ಹರಿದು ಹಾಕಿದಳು. ಓದಬಾರದು ಅಂದುಕೊಂಡರೂ ಕಣ್ಣು ಬೀಳುತ್ತಿತ್ತು. 'ನಿಮ್ಮ ಚೀಲ ಚೆನ್ನಾಗಿಲ್ಲ.' 'ಅಮ್ಮ ಬಂದರೆ ನಾನು ಮಲಗಿದ್ದೀನಿ ಅಂತ ಹೇಳಿ.' ಒಂದು ಪುಟದಲ್ಲಿ ಬರೀ ಒಂದು ಸೈಕಲ್ಲಿನ ಚಿತ್ರ. ಸಾಹೇಬರು ಅಷ್ಟು ಹೊತ್ತೂ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತಿದ್ದರು. ರಟ್ಟು ಬೇಗ ಉರಿಯಲಿಲ್ಲ, ಅವಳು ಕೋಲೊಂದರಿಂದ ತಿವಿದು ತಿವಿದು ಬೂದಿ ಮಾಡಿದಳು.

ಸಂಜೆ ಐದಕ್ಕೆ ಮಕ್ಕಳ ಮನೆಯಲ್ಲಿ ಹುಡುಗಿಯನ್ನು ಐದು ನಿಮಿಷ ನೋಡಲು ಬಿಟ್ಟರು. ಕಡ್ಡಿ ಮಂಚದ ಅಂಚಿನಲ್ಲಿ ಕೂತಿದ್ದಳು, ಜ್ವರ ಇಳಿದಿತ್ತು. ಚೀಲದಕ್ಕ ಎದುರು ಸ್ಟೂಲಿನ ಮೇಲೆ ಕೂತು, ಮೂವತ್ತು ವರ್ಷದ ಅಭ್ಯಾಸಕ್ಕೆ ಚೀಲದೊಳಗೆ ಕೈ ಹಾಕಿ, ಖಾಲಿ ಕೈ ಹೊರಗೆ ತೆಗೆದಳು. ಹುಡುಗಿ ಅದನ್ನು ನೋಡಿದಳು.

"ಪುಸ್ತಕ ಎಲ್ಲಿ?"

"ಸುಟ್ಟೆ."

"ನಂದೂನಾ?"

"ನಿಂದು ಕೋರ್ಟಲ್ಲಿದೆ. ಕೇಸು ಮುಗಿದ ಮೇಲೆ ಅದನ್ನೂ ಸುಡ್ತಾರೆ."

ಕಡ್ಡಿ ಹೆಬ್ಬೆಟ್ಟಿನ ಶಾಯಿಯನ್ನು ಉಗುರಿನಿಂದ ಕೆರೆದಳು. "ಅದನ್ನ ನಾನೇ ಸುಡಬಹುದಾ?"

ಹದಿನಾಲ್ಕು ಕಲಮಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಲ್ಕು ವರ್ಷದಲ್ಲಿ ಮೂರು ಪ್ರಾಂತ್ಯದ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನೋಡ್ತೀನಿ ಅನ್ನುವ ಮಾತು ಚೀಲದಕ್ಕನ ಬಾಯಿಯವರೆಗೆ ಬಂತು. ಅವಳು ನಾಲಿಗೆ ಕಚ್ಚಿಕೊಂಡಳು.

"ನಂಗೆ ಗೊತ್ತಿಲ್ಲ ಮಗಾ," ಎಂದಳು. "ನಾನು ಈಗ ಸಮಿತಿಯಲ್ಲಿ ಇಲ್ಲ. ಆದ್ರೂ ನಾಳೆ ಬೆಳಿಗ್ಗೆ ಆ ಸಾಹೇಬರನ್ನ ಕೇಳ್ತೀನಿ. ಅವರು ಏನಂದ್ರು ಅಂತ ಸಂಜೆಯೊಳಗೆ ನಾನೇ ಬಂದು ಹೇಳ್ತೀನಿ."

"ಕೇಳಿ," ಎಂದಳು ಕಡ್ಡಿ. "ಬರ್ಕೋಬೇಡಿ ಮಾತ್ರ."

ಚೀಲದಕ್ಕ ತಲೆಯಾಡಿಸಿ, ಖಾಲಿ ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದಳು. ಬಾಗಿಲು ದಾಟುವಾಗ ತಿರುಗಿ ನೋಡಿದಳು. ಹುಡುಗಿ ಈ ಸಲ ಅವಳನ್ನೇ ನೋಡುತ್ತಿದ್ದಳು.